ನೀರು ಹಾಕದ ಕೂಸು

ಪೊತೊಸಿಯ ಬೆಳ್ಳಿಬೆಟ್ಟದ ಚಳಿ ಗಟ್ಟಿ ಗಂಡಸನ್ನೇ ಕೆಮ್ಮಿಸಿ ಕೂರಿಸುತ್ತದೆ. ಇನ್ನು ಹಾಲು ಕುಡಿಯುವ ಕೂಸು ತಡೆದೀತೇ ಅಂತ ಸತುರ್ನಿನಾ ಊರು ಹೊಕ್ಕ ದಿನವೇ ಗಂಡನ ಹತ್ತಿರ ಅಂದಿದ್ದಳು. ಗಂಡ ಇಲಾರಿಯೋನ್ ಹೇಸರಗತ್ತೆ ಹೊಡೆಯುವವನು. ಹೊರದೇಶದ ಪಾದ್ರಿ ಪ್ರೂಯಿಟ್ ಮತ್ತು ಅವನ ಹೆಂಡತಿ ಹ್ಯಾರಿಯೆಟ್ ಕೈಗೂಸು ಕಟ್ಟಿಕೊಂಡು ಊರೂರು ತಿರುಗಿ ತಮ್ಮ ಮತದ ಪುಸ್ತಕ ಹಂಚುತ್ತಿದ್ದರು. ಹೊರೆಗೆ ಇಲಾರಿಯೋನನ ಹೇಸರಗತ್ತೆ, ಅಡಿಗೆಗೂ ಅವರ ಕೂಸಿಗೂ ಸತುರ್ನಿನಾ. ಬೇರೆ ಮತದವರು ಅಂತ ಕುಸ್ಕೋ ಊರಲ್ಲಿ ಅವರ ಮೇಲೆ ಸಗಣಿ ಬಿದ್ದಿತ್ತು. ಪೊತೊಸಿಯಲ್ಲಿ ಕಲ್ಲು ಬಿತ್ತು. ಈಗ ಚುಕಿಸಾಕಾದ ಕಡೆಗೆ ಇಳಿಯುತ್ತಿದ್ದರು.

ಇಳಿಜಾರಿನಲ್ಲಿ ಕೂಸಿನ ಎದೆ ಗೊರಗೊರ ಅನ್ನತೊಡಗಿತು.

"ತಾಯಿ, ಕೂಸಿಗೆ ನೀರು ಹಾಕಿದೀರಾ?" ಸತುರ್ನಿನಾ ಕೇಳಿದಳು.

"ಹೂಂ, ಬೆಳಿಗ್ಗೇನೇ ಹಾಕ್ದೆ. ಬೆಚ್ಚಗಿನ ನೀರು," ಅಂದಳು ಹ್ಯಾರಿಯೆಟ್.

ಸತುರ್ನಿನಾಳ ಜೀವ ತಂಪಾಯಿತು. ಆ ಸೀಮೆಯಲ್ಲಿ ಕೂಸು ಕೈತಪ್ಪಿ ಹೋಗುವ ಹಾಗೆ ಕಂಡರೆ ಪಾದ್ರಿಗಾಗಿ ಕಾಯುವುದಿಲ್ಲ. ಮನೆಯವರು ಯಾರಾದರೂ ನೆತ್ತಿಗೆ ನೀರು ಹಾಕಿ, ದೇವರ ಹೆಸರು ಹೇಳಿ, ನಾಲಿಗೆಗೆ ಒಂದು ಹರಳು ಉಪ್ಪು ಇಟ್ಟರೆ ಅದೇ ದೀಕ್ಷಾಸ್ನಾನ. ನೀರು ಹಾಕುವುದು ಅಂದರೆ ಅದು. ಬೆಚ್ಚಗಿನದು ಯಾಕೋ, ಪರದೇಶದವರ ಪದ್ಧತಿ ಇರಬೇಕು ಅಂದುಕೊಂಡಳು. ಅವಳ ಚೊಚ್ಚಲು ಕೂಸು ನೀರು ಕಾಣದೆ ಹೋಗಿತ್ತು. ಅದನ್ನು ಹೆಸರಿಲ್ಲದೆ ದೂರದ ದಿಬ್ಬದಲ್ಲಿ ಹೂತಿದ್ದರು. ಅಂಥ ಕೂಸು ಆಲಿಕಲ್ಲಾಗಿ ಬರುತ್ತದೆ ಅಂತ ಜನರ ನಂಬಿಕೆ. ಆಲಿಕಲ್ಲು ಬಿದ್ದಾಗಲೆಲ್ಲ ಊರು ಅವಳ ಮುಖ ನೋಡುತ್ತಿತ್ತು.

ಪಿಲ್ಕೊಮಾಯೊ ಹೊಳೆಯ ದಡದ ಹಳ್ಳಿ ಮುಟ್ಟುವಾಗ ಕೂಸು ಉಸಿರು ಬಿಟ್ಟಿತು.

ನೀರು ಬಿದ್ದ ಕೂಸು ಅಂತ ಸತುರ್ನಿನಾ ಹೇಳಿದ್ದೇ ತಡ, ಹಳ್ಳಿಯ ಹೆಂಗಸರು ಓಡಿ ಬಂದರು. ಕೂಸನ್ನು ತೊಳೆದು, ಬಿಳಿ ಅಂಗಿ ತೊಡಿಸಿ, ಅಂಥ ಕೂಸು ದೇವದೂತನಾಗಿ ಹಾರುತ್ತದೆ ಅಂತ ಬೆನ್ನಿಗೆ ಕಾಗದದ ರೆಕ್ಕೆ ಕಟ್ಟಿದರು. ಹ್ಯಾರಿಯೆಟ್ ಅಳುತ್ತಿದ್ದಳು.

"ಅಳಬೇಡಿ ತಾಯಿ. ರೆಕ್ಕೆ ನೆನೆದ್ರೆ ಹಾರೋಕಾಗಲ್ಲ," ಅಂದಳು ಒಬ್ಬಳು.

ಸಮಾಧಿಗಳ ಅಂಗಳದ ಬೀಗದ ಕೈ ಮುದುಕ ಮೆಲಿತೋನನ ಸೊಂಟದಲ್ಲಿತ್ತು. ಅವನು ಬಾಗಿಲಿಗೆ ಅಡ್ಡ ನಿಂತ.

"ನೀರು ಹಾಕಿದ್ದು ಯಾರು?"

"ಹೆತ್ತವಳೇ ಹಾಕಿದಾಳೆ ಮಾವಾ," ಅಂದಳು ಸತುರ್ನಿನಾ.

"ಪರದೇಶದವಳು ಹಾಕಿದ ನೀರು ನಿಲ್ಲುತ್ತಾ?"

"ನೀನು ಕುಡಿಯೋ ಜೋಳದ ಹೆಂಡಾನೇ ನಿನ್ನ ಹೊಟ್ಟೇಲಿ ನಿಲ್ಲುತ್ತೆ. ನೀರು ನಿಲ್ಲಲ್ವಾ? ಬಾಗಿಲು ತೆಗಿ."

ಹೆಂಗಸರು ಶಾಲಿನ ಮರೆಯಲ್ಲಿ ನಕ್ಕರು. ಮುದುಕನೂ ಅರ್ಧ ನಕ್ಕು, ಬೀಗದ ಕೈ ತೆಗೆಯಲು ಸೊಂಟಕ್ಕೆ ಕೈ ಹಾಕಿದ. ಆದರೂ ರೂಢಿ ಬಿಡಬಾರದಲ್ಲ, ಪಾದ್ರಿಯ ಕಡೆ ತಿರುಗಿದ.

"ಉಪ್ಪು ಇಟ್ರಾ ಅಯ್ಯಾ? ದೇವರ ಹೆಸರು ಹೇಳಿದ್ರಾ?"

ಪ್ರೂಯಿಟ್‌ಗೆ ಆಗ ಅರ್ಥವಾಯಿತು. "ಅದು ಮೈ ತೊಳೆದ ನೀರು," ಅಂದ. "ದೀಕ್ಷಾಸ್ನಾನ ಅಲ್ಲ. ನಮ್ಮಲ್ಲಿ ಎಳೆ ಮಕ್ಕಳಿಗೆ ಕೊಡೋದಿಲ್ಲ. ಬುದ್ಧಿ ಬಂದ ಮೇಲೆ ಅವರೇ ಕೇಳಿ ತಗೋಬೇಕು."

ಹೆಂಗಸರ ನಗು ನಿಂತಿತು.

ಸತುರ್ನಿನಾ ಅವನ ಹತ್ತಿರ ಸರಿದು ದನಿ ತಗ್ಗಿಸಿದಳು. "ಅಯ್ಯಾ, ನಿಮ್ಮ ಕಾಲಿಗೆ ಬೀಳ್ತೀನಿ. ಹೂಂ ಅನ್ನಿ. ಒಂದೇ ಒಂದು ಹೂಂ. ಯಾರಿಗೂ ನಷ್ಟ ಇಲ್ಲ."

ಹ್ಯಾರಿಯೆಟ್ ಗಂಡನ ತೋಳು ಹಿಡಿದಳು. "ಅನ್ನಿ," ಅಂದಳು.

ಅವನು ಕೂಸಿನ ಮುಖ ನೋಡಿದ. "ಮಗನನ್ನು ಸುಳ್ಳಿನ ಜೊತೆ ಹೂಳಲಾರೆ," ಅಂದ.

ಮೆಲಿತೋನ್ ಸೊಂಟದಿಂದ ಕೈ ತೆಗೆದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಹೊಳೆ ಆಚೆಗೆ ಒಯ್ಯಿರಿ. ಬಾರ್ಲಿ ತೆನೆ ಕಟ್ತಾ ಇದೆ. ನಮ್ಮ ಹೊಲಕ್ಕೆ ಆಲಿಕಲ್ಲು ತರಬೇಡಿ."

ರೆಕ್ಕೆ ಕಟ್ಟಿದವಳೇ ಬಂದು, ಕೂಸಿಗೆ ನೋವಾಗದ ಹಾಗೆ, ಮೆಲ್ಲಗೆ ಬಿಚ್ಚಿಕೊಂಡಳು.

ಹೊಳೆ ದಾಟುವಾಗ ಹ್ಯಾರಿಯೆಟ್ ಆಲಿಕಲ್ಲಿನ ಮಾತು ಏನು ಅಂತ ಕೇಳಿದಳು. ಸತುರ್ನಿನಾ ಮುಚ್ಚಿಡದೆ ಹೇಳಿದಳು. ಹ್ಯಾರಿಯೆಟ್ ಅಲ್ಲೇ ನಿಂತು ಹೊಳೆಗೆ ಕೈಯದ್ದಿ ಬೊಗಸೆ ತುಂಬಿಕೊಂಡಳು.

"ಈಗ ಹಾಕು. ನೀನೇ ಹಾಕು."

"ಮೈ ತಣ್ಣಗಾದ ಮೇಲೆ ಹತ್ತೋದಿಲ್ಲ ತಾಯಿ."

ಬೊಗಸೆಯ ನೀರು ಬೆರಳ ಸಂದಿಯಲ್ಲಿ ಇಳಿದುಹೋಯಿತು. ಇಲಾರಿಯೋನ್ ಗುಂಡಿ ತೋಡಿದ. ಪ್ರೂಯಿಟ್ ಪುಸ್ತಕ ಬಿಚ್ಚಿ ಓದಿದ. ಹ್ಯಾರಿಯೆಟ್ ಗಂಡನಿಗೆ ಬೆನ್ನು ಹಾಕಿ, ಮಣ್ಣು ಕಾಣದ ಹಾಗೆ ಕಲ್ಲು ಪೇರಿಸಿದಳು.

ಚುಕಿಸಾಕಾ ಬಿಳಿ ಗೋಡೆಗಳ ಊರು. ಅಲ್ಲಿ ಕಲ್ಲೆಸೆಯುವವರು ಕಡಿಮೆ. ಬಾಡಿಗೆ ಕೋಣೆಯೊಂದರಲ್ಲಿ ಪ್ರೂಯಿಟ್ ಬೋಧನೆ ಶುರುಮಾಡಿದ. ನಾಲ್ಕಾರು ಜನ ಬರುತ್ತಿದ್ದರು. ಹ್ಯಾರಿಯೆಟ್ ಗಂಡನಿಗೆ ಊಟ ಬಡಿಸುತ್ತಿದ್ದಳು, ಅಂಗಿ ಒಗೆಯುತ್ತಿದ್ದಳು, ಮಾತು ಮಾತ್ರ ಇಲ್ಲ.

ಒಂದು ಮಧ್ಯಾಹ್ನ ಒಳಗೆ ಬೋಧನೆ ನಡೆದಿರುವಾಗ ಹಂಚಿನ ಮೇಲೆ ಪಟಪಟ ಸದ್ದಾಯಿತು. ಅಂಗಳ ಬೆಳ್ಳಗಾಯಿತು. ಸತುರ್ನಿನಾ ಒಲೆ ಬಿಟ್ಟು ಎದ್ದಳು. ಅಷ್ಟರಲ್ಲಿ ಹ್ಯಾರಿಯೆಟ್ ಬರಿಗಾಲಲ್ಲಿ ಹೊರಗಿದ್ದಳು. ಆಲಿಕಲ್ಲು ತಲೆಗೆ, ಹೆಗಲಿಗೆ ಬಡಿಯುತ್ತಿದ್ದರೂ ನೆಲಕ್ಕೆ ಕೂತು ಒಂದೊಂದೇ ಆರಿಸಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು.

"ಒಳಗೆ ಬನ್ನಿ ತಾಯಿ."

"ಮೆಲ್ಲಗೆ ಮಾತಾಡು," ಅಂದಳು ಹ್ಯಾರಿಯೆಟ್. "ಒಳಗಿನವರಿಗೆ ಕೇಳಿಸೋದು ಬೇಡ. ಮತ್ತೆ ಹೊಳೆ ಆಚೆಗೆ ಒಯ್ಯಿ ಅಂತಾರೆ."

ಸತುರ್ನಿನಾ ತನ್ನ ಕಂಬಳಿ ತಂದು ಇಬ್ಬರ ಮೇಲೂ ಹೊದೆಸಿ ಪಕ್ಕದಲ್ಲಿ ಕೂತಳು. ತಾನೂ ಒಂದು ಆಲಿಕಲ್ಲು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಳಗೆ ಪ್ರೂಯಿಟ್‌ನ ದನಿ ನಡೆದೇ ಇತ್ತು. ಹ್ಯಾರಿಯೆಟ್‌ಳ ಮಡಿಲು ನಿಧಾನವಾಗಿ ನೆನೆಯುತ್ತಿತ್ತು.