ಬೈಗುಳದಲ್ಲಿ ಪಾಲು

ಬುದ್ಧಿ ಬೆಳವಣಿಗೆ ನಿಧಾನವಿದ್ದ ಮಗಳನ್ನು ಎಲ್ಲರ ಜೊತೆ ಮಾಮೂಲಿ ತರಗತಿಗೇ ಸೇರಿಸಿ ಮೂರು ತಿಂಗಳಾದರೂ ತಾಯಿಗೆ ಮನೆಯಲ್ಲಿ ಜೀವ ನಿಲ್ಲುತ್ತಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಶಾಲೆಯ ವರಾಂಡದಲ್ಲೇ ಸುತ್ತುತ್ತಿದ್ದಳು. ಟೀಚರೋ, ಬೇರೆ ಮಕ್ಕಳನ್ನು ಹುರಿದು ಮುಕ್ಕಿದರೂ ಈ ಹುಡುಗಿಗೆ ಮಾತ್ರ "ಪಾಪ, ಪುಟ್ಟಿ" ಅನ್ನುತ್ತಿದ್ದರು.

ಇವತ್ತು ಒಳಗಿಂದ ಗುಡುಗು ಕೇಳಿಸಿತು: "ಕೊನೆ ಬೆಂಚಿನ ಮೂವರೂ ಎದ್ದು ನಿಲ್ಲಿ! ಪಾಠದ ಮಧ್ಯೆ ಎಂಥ ಹರಟೆ?"

ಆ ಮೂವರಲ್ಲಿ ಮಗಳೂ ಇದ್ದಳು. ತಾಯಿಯ ರಕ್ತ ಕುದಿಯಿತು. ಏನೂ ಅರಿಯದ ನನ್ನ ಮಗುವಿಗೂ ಬೈಯೋದಾ? ದಡಬಡ ಬಾಗಿಲಿಗೆ ನುಗ್ಗಿದಳು.

ಮಗಳು ಅಕ್ಕಪಕ್ಕದ ಗೆಳತಿಯರ ಕೈ ಹಿಡಿದು, ನಗು ತಡೆಯಲಾರದೆ ನಿಂತಿದ್ದಳು. ತಾಯಿಯನ್ನು ಕಂಡದ್ದೇ ಮುಖ ಸಿಂಡರಿಸಿದಳು.

"ನೀನು ಹೋಗಮ್ಮ! ಟೀಚರ್ ನಮಗೆ ಬೈತಿದ್ದಾರೆ."