ಬಾಯಲ್ಲಿದ್ದ ಗುಂಡುಸೂಜಿ

ಟೈಲರ್ ತಾತ ಮೊದಲಿನಿಂದಲೂ ಮಾತಿನಲ್ಲಿ ಜಿಪುಣ. ಗುಂಡುಸೂಜಿಗಳನ್ನು ತುಟಿಯ ಸಂದಿಯಲ್ಲಿ ಕಚ್ಚಿಕೊಂಡೇ ಕೆಲಸ ಮಾಡುವುದು ಅವನ ರೂಢಿ. ಗಿರಾಕಿ ಏನು ಕೇಳಿದರೂ ‘ಹ್ಞೂಂ’, ಇಲ್ಲವೇ ‘ಊಹೂಂ’. ತೀರಾ ಉದ್ದದ ಉತ್ತರವಾದರೆ ಹುಬ್ಬೇರಿಸಿ ‘ಊಂ-ಊಂಊಂ’. ಅಷ್ಟರಲ್ಲೇ ನಲವತ್ತು ವರ್ಷ ಅಂಗಡಿ ನಡೆದಿತ್ತು.

ಅವನ ಮಗಳು ಬಸ್ ಕಂಡಕ್ಟರ್. ಬೆಳಿಗ್ಗೆ ಎರಡೂವರೆ ವರ್ಷದ ಮಗಳನ್ನು ಅಂಗಡಿಯಲ್ಲಿ ಬಿಟ್ಟು ಹೋದರೆ ಸಂಜೆಗೇ ಬರುವುದು. ಒಂದು ಕಡೆ ನಿಲ್ಲದೆ ಗಿರಗಿರ ಸುತ್ತುವ ಆ ಮಗುವಿಗೆ ಬುಗುರಿ ಎಂದೇ ಹೆಸರು ಬಿದ್ದಿತ್ತು. ಕಾಲು ಚುರುಕು, ಕೈ ಚುರುಕು, ಕಿವಿಯೂ ಚುರುಕೇ ಎಂದು ಡಾಕ್ಟರು ನೋಡಿ ಹೇಳಿದ್ದರು. ಮಾತು ಮಾತ್ರ ‘ಅಮ್ಮ’ ಎಂಬಲ್ಲಿಗೆ ನಿಂತುಬಿಟ್ಟಿತ್ತು.

“ಇನ್ನೆರಡು ತಿಂಗಳು ನೋಡ್ತೀನಿ ಅಪ್ಪ,” ಎಂದಳು ಮಗಳು ಒಂದು ಸಂಜೆ. “ಆಮೇಲೂ ಮಾತು ಬರ್ಲಿಲ್ಲ ಅಂದ್ರೆ ಶಿಶುವಿಹಾರಕ್ಕೆ ಹಾಕ್ತೀನಿ. ಇಲ್ಲಿ ದಿನವಿಡೀ ಬಾಯಿ ಬಿಡೋದು ನಿನ್ನ ಕತ್ತರಿ ಒಂದೇ.”

ತಾತ ‘ಹ್ಞೂಂ’ ಎಂದ. ಆದರೆ ಕಾಲ ಬುಡದಲ್ಲಿ ಚಿಂದಿಬಟ್ಟೆಯ ಗುಡ್ಡೆ ಮೇಲೆ ಕೂತು ಗುಂಡಿ ಡಬ್ಬಿ ಕುಲುಕುವ ಮಗುವಿಲ್ಲದ ಅಂಗಡಿ ನೆನೆದು ಅವನ ಜೀವ ಹಿಡಿಯಾಯಿತು.

ಮರುದಿನ ಪಕ್ಕದ ಬೇಕರಿಯಾಕೆ ಅಳತೆ ಕೊಡಲು ಬಂದಳು. “ಏನೇ ಬುಗುರಿ, ನನ್ನ ಅಂಗಿ ಯಾವತ್ತು ಕೊಡ್ತೀಯೇ?”

ಮಗು ತುಟಿ ಬಿಗಿಹಿಡಿದು, ಬಾಯಿಯ ಎಡಮೂಲೆ ಚೂರು ಓರೆಮಾಡಿ, ಹುಬ್ಬೇರಿಸಿ, ಗೋಡೆಯ ಕ್ಯಾಲೆಂಡರಿನತ್ತ ಕೈ ತೋರಿಸಿ ‘ಊಂ-ಊಂಊಂ’ ಎಂದಿತು.

ಬೇಕರಿಯಾಕೆ ಬಿದ್ದು ಬಿದ್ದು ನಕ್ಕಳು. “ಅಯ್ಯೋ ತಾತ! ಇದಕ್ಕೆ ಮಾತು ಬಂದಿಲ್ಲ ಅಂದೋರು ಯಾರು? ಅಚ್ಚು ನಿಮ್ಮ ಮಾತೇ ಆಡ್ತಿದೆ. ಸೂಜಿ ಒಂದು ಕಮ್ಮಿ, ಅಷ್ಟೇ!”

ತಾತ ಒಂದೊಂದಾಗಿ ಸೂಜಿ ಹೊರತೆಗೆದ. ಹನ್ನೊಂದಿದ್ದವು. ಅಂದೇ ಚಿಂದಿ ತುಂಬಿಸಿ ಒಂದು ಪುಟ್ಟ ದಿಂಬು ಹೊಲಿದು, ಸೂಜಿಗಳನ್ನೆಲ್ಲ ಅದಕ್ಕೆ ಚುಚ್ಚಿ, ಮಣಿಕಟ್ಟಿಗೆ ಕಟ್ಟಿಕೊಂಡ. ಬಾಯೇನೋ ಖಾಲಿಯಾಯಿತು, ಅದರಿಂದ ಏನು ಹೊರಡಿಸುವುದೆಂದು ಮಾತ್ರ ತಿಳಿಯಲಿಲ್ಲ. ಕೊನೆಗೆ ನಾಚಿಕೊಂಡೇ ಶುರುಮಾಡಿದ: “ಇದು ಗುಂಡಿ ಕಣಮ್ಮ. ನೋಡು, ಇದಕ್ಕೆ ನಾಲ್ಕು ಕಣ್ಣು. ಇದು ಜೇಬು. ಜೇಬಲ್ಲಿ ಏನಿದೆ? ಏನೂ ಇಲ್ಲ, ನನ್ನ ಹಾಗೇ ಬಡಪಾಯಿ.”

“ತಾತನಿಗೆ ಮಾತು ಬಂತಂತೆ!” ಎಂದು ಬೇಕರಿಯಾಕೆ ಬೀದಿಗೆಲ್ಲ ಸಾರಿದಳು. ಅದನ್ನು ಕೇಳುವುದಕ್ಕೆಂದೇ ಕೆಲವರು ಹರಿದ ಅಂಗಿ ಹುಡುಕಿಕೊಂಡು ಬಂದರು.

ಮೂರು ವಾರ ಬುಗುರಿ ಅವನ ತುಟಿಯನ್ನೇ ನೋಡಿತು. ನಾಲ್ಕನೆಯ ವಾರ ‘ಗುಂ’ ಎಂದಿತು. ಆಮೇಲೆ ‘ಗುಂಡಿ’. ಕಂಡದ್ದೆಲ್ಲ ಗುಂಡಿಯೇ: ಬಿಸ್ಕತ್ತೂ ಗುಂಡಿ, ಆಕಾಶದ ಚಂದ್ರನೂ ಗುಂಡಿ, ಬೇಕರಿಯಾಕೆಯ ಮೂಗೂ ಗುಂಡಿ. ಮತ್ತೊಂದು ದಿನ ಎರಡು ಮಾತು ಕೈಕೈ ಹಿಡಿದು ಬಂದವು: ‘ತಾತ ಗುಂಡಿ’. ಇದೆಲ್ಲ ನಡೆದದ್ದು ಅಂಗಡಿಯೊಳಗೇ. ಸಂಜೆ ಅಮ್ಮನ ಹೆಗಲೇರಿದರೆ ಮಗುವಿಗೆ ನಿದ್ದೆ. ತಾತ ಎಷ್ಟು ಹೇಳಿದರೂ ಮಗಳು, “ನಿನ್ನ ಆಸೆ ಅಪ್ಪ ಅದು,” ಎಂದು ನಕ್ಕುಬಿಡುತ್ತಿದ್ದಳು.

ಎರಡು ತಿಂಗಳು ತುಂಬಿದ ದಿನ ಮಗಳು ಮಧ್ಯಾಹ್ನವೇ ಬಂದಳು. ಕೈಯಲ್ಲಿ ಶಿಶುವಿಹಾರದ ಫಾರಮ್ಮು. ಬುಗುರಿ ಮೇಜಿನಡಿ ಸೇರಿಕೊಂಡು ಗಪ್‌ಚುಪ್. ತಾತ ಏನೂ ತೋಚದೆ ಯಾರದೋ ಲಂಗದ ಅಂಚು ಎಳೆದುಕೊಂಡು, ಹಳೆಯ ಚಾಳಿಯಂತೆ ಸೂಜಿಗಳನ್ನು ಬಾಯಿಗೆ ಸಿಕ್ಕಿಸಿದ.

“ಏನಪ್ಪಾ, ಹಾಗಾದ್ರೆ ಸೇರಿಸೋಣ್ವಾ?”

“ಊಂ-ಊಂಊಂ.”

ಮೇಜಿನಡಿಯಿಂದ ಒಂದು ತಲೆ ಹೊರಬಂತು. ಸೊಂಟದ ಮೇಲೆ ಕೈ, ಹುಬ್ಬು ಮೇಲೆ.

“ತಾತಾ! ಚೂಜಿ ತೆಗಿ! ಅಮ್ಮ ಬಂತು, ಮಾತಾಲು!”

ಮಗಳು ಚಿಂದಿಬಟ್ಟೆಯ ಗುಡ್ಡೆ ಮೇಲೆ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಫಾರಮ್ಮು ಮಾತ್ರ ಅವಳ ಕೆಳಗೆ ಮುದ್ದೆಯಾಯಿತು.

ತಾತ ಸೂಜಿಗಳನ್ನು ಅಂಗೈಗೆ ಹಾಕಿಕೊಂಡು ಬಾಯಿ ತೆರೆದ. ಆದರೆ ಅವನಿಗೆ ಸರದಿಯೇ ಸಿಗಲಿಲ್ಲ. ಬುಗುರಿ ಆಗಲೇ ಅಮ್ಮನ ಮಡಿಲೇರಿ, ಅವಳ ಅಂಗಿಯ ಗುಂಡಿಗೆ ಎಷ್ಟು ಕಣ್ಣೆಂದು ವಿವರಿಸತೊಡಗಿತ್ತು.