ತತ್ತಿಗೆ ಹಾಕಿದ ಚಪ್ಪರ

ಮಸೂತಿ ಎಂಬ ಊರಿನ ಮಂದಿ ಒಳ್ಳೆಯವರು. ರಹಿಮಾಬಿಗೆ ಪೀಡೆಯಾದದ್ದೇ ಅದು. ಕೆಟ್ಟವರು ಬಂದಿದ್ದರೆ ಬಡಿಗೆ ಹಿಡಿದು ಅಟ್ಟುತ್ತಿದ್ದಳು. ಮಜ್ಜಿಗೆಯ ಗಡಿಗೆ ಹೊತ್ತು ಬಂದವರನ್ನು ಯಾವ ಬಡಿಗೆಯಿಂದ ಅಟ್ಟುವುದು?

ವಿಜಾಪುರ ಸೀಮೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಊರಾಚೆ ಒಂದು ಮಡ್ಡಿ. ನೇಗಿಲು ಕಾಣದ, ಬರೀ ಹುಲ್ಲು ಕಲ್ಲುಗಳ ಎತ್ತರದ ಬಯಲು. ಅದರ ಸುತ್ತ ಕಲ್ಲು ನೆಟ್ಟು, ದನ ಬಿಡಬಾರದು, ಬಂದೂಕು ತರಬಾರದು ಎಂದು ಸರಕಾರದವರು ರಹಿಮಾಬಿಯ ಗಂಡ ಚಮನಸಾಬನನ್ನು ಕಾವಲಿಗಿಟ್ಟಿದ್ದರು. ಗಂಡ ಹೆಂಡತಿ ಇಬ್ಬರೂ ಎರಡು ಆಡು ಕಟ್ಟಿಕೊಂಡು ಮಡ್ಡಿಯ ಬಾವಿಯ ಪಕ್ಕದ ಗುಡಿಸಲಲ್ಲಿದ್ದರು. ಕಾಯುತ್ತಿದ್ದದ್ದು ಎರಿಬೂತವೆಂಬ ಹಕ್ಕಿಯನ್ನು. ಆಡಿನಷ್ಟು ಎತ್ತರ, ಬಿಳಿ ಕುತ್ತಿಗೆ, ತಲೆಯ ಮೇಲೆ ಕರಿ ಟೊಪ್ಪಿಗೆ. ಗೂಡು ಕಟ್ಟುವ ಗೋಜಿಲ್ಲ. ಬರಿ ನೆಲದ ಮೇಲೆ ಒಂದೇ ಒಂದು ತತ್ತಿ ಇಟ್ಟು ಅದರ ಮೇಲೆ ಕೂರುತ್ತದೆ.

ಗುರುಲಿಂಗಪ್ಪ ಮಾಸ್ತರರು ಶನಿವಾರಕ್ಕೊಮ್ಮೆ ಸಾಲಿಯ ಮಕ್ಕಳನ್ನು ಅಲ್ಲಿಗೆ ಕರೆತಂದು ಹುಲ್ಲು, ಹುಳು, ಹಕ್ಕಿ ತೋರಿಸಿ ಪಾಠ ಮಾಡುತ್ತಿದ್ದರು. ಊರವರು ಅದನ್ನು 'ಮಡ್ಡಿಸಾಲಿ' ಎಂದು ಕರೆದು ತಲೆಯ ಮೇಲೆ ಹೊತ್ತರು. ರಾಚಪ್ಪಗೌಡ ಬಂಡಿ ಕೊಟ್ಟ, ಅವನ ಹೆಂಡತಿ ಸುಮಿತ್ರಾಬಾಯಿ ಮಜ್ಜಿಗೆ ಕೊಟ್ಟಳು, ಅಂಗಡಿಯ ಬಾಬುಲಾಲ ಚುರುಮುರಿ ಕೊಟ್ಟ. ನಾಲ್ಕನೇ ಇಯತ್ತೆಗೆ ಸಾಲಿ ಬಿಡಿಸಿಕೊಂಡು ಮನೆಯಲ್ಲಿ ಕೂತಿದ್ದ ಸಗೀರಾ, ಅಬಿದಾರಂಥ ಹುಡುಗಿಯರನ್ನು ಕೂಡ, "ರಹಿಮಾಬಿ ಇರ್ತಾಳಲ್ಲ, ಹೋಗ್ರಿ" ಎಂದು ತಾಯಂದಿರು ಕಳಿಸುತ್ತಿದ್ದರು. ಅವರಿಗೆ ಉಳಿದಿದ್ದ ಸಾಲಿ ಅದೊಂದೇ.

ಆ ವರ್ಷ ಮೇಲಿನವರಲ್ಲಿ ಒಂದು ಮಾತು ಎದ್ದಿತು. ಹಕ್ಕಿ ಮರಿ ಮಾಡದ ಬಯಲನ್ನು ಸುಮ್ಮನೆ ಯಾಕೆ ಕಾಯಬೇಕು, ಉಳುವವರಿಗೆ ಕೊಟ್ಟರಾಯಿತು ಎಂದು. ನೋಡಲು ಒಬ್ಬ ಸಾಹೇಬರು ಬರುವವರಿದ್ದರು. ಅಲ್ಲಾ ಕಣ್ಣು ತೆರೆದ. ಶ್ರಾವಣದ ಮೊದಲಲ್ಲಿ ಬಾರಿಗಿಡದ ಆಚೆ ಹಕ್ಕಿ ತತ್ತಿ ಇಟ್ಟಿತು.

ಸಾಹೇಬರನ್ನು ಕರೆತರಲು ಶುಕ್ರವಾರ ಬೆಳಿಗ್ಗೆ ಮಾಸ್ತರರು ಚಮನಸಾಬನನ್ನು ಜತೆಗೂಡಿಸಿಕೊಂಡು ಬಾಗೇವಾಡಿಗೆ ಹೊರಟರು. ಹೊರಡುವಾಗ ಅಂದರು: "ಅವ್ವಾರ, ತತ್ತಿ ಜಾಗ ಯಾರಿಗೂ ಹೇಳಬ್ಯಾಡ್ರಿ. ಭಾಳ ಅಂಜಬುರಕ ಹಕ್ಕಿ ಅದು. ಮಂದಿ ಒಮ್ಮೆ ಸುತ್ತುಗಟ್ಟಿತಂದ್ರ ತತ್ತಿ ಬಿಟ್ಟು ಹೋಗತೈತಿ. ಸಾಹೇಬ್ರಿಗೆ ನಾನು ದೂರದಿಂದ ದುರ್ಬೀನದಾಗ ತೋರಸ್ತೇನಿ."

"ನನ್ನ ಬಾಯಿಂದ ಬರೂದಿಲ್ಲ, ಹೋಗಿ ಬರ್ರಿ" ಎಂದಳು ರಹಿಮಾಬಿ.

ಅವರು ಕಣ್ಮರೆಯಾಗಿ ಸ್ವಲ್ಪ ಹೊತ್ತಿಗೆ ಅರ್ಧ ಊರು ಮಡ್ಡಿ ಏರಿ ಬಂತು. ಕೈಯಲ್ಲಿ ಕುಡುಗೋಲು, ಕಸಬರಿಗೆ, ಬುಟ್ಟಿ. ಮುಂದೆ ರಾಚಪ್ಪಗೌಡ.

"ರಹಿಮಕ್ಕಾ, ಚಾ ಇಡಬೇ! ನಾಳಿ ಸಾಹೇಬ್ರ ಸಂಗಾಟ ಇಂಡಿ, ಸಿಂದಗಿ, ಮುದ್ದೇಬಿಹಾಳದ ಮಾಸ್ತರಗೋಳೂ ಬರಾಕತ್ತಾರ, ನಮ್ಮ ಸಾಲಿ ನೋಡಾಕ. ಅವರನ್ನ ಈ ಮುಳ್ಳಾಗ ಕುಂದರ್ಸಿದ್ರ ಊರ ಮಾನ ಉಳೀತೈತೇನು?"

"ಹುಲ್ಲ ಕೊಯ್ಯಬ್ಯಾಡ್ರಿ ಗೌಡ್ರ. ಅವ್ರು ಹುಲ್ಲ ನೋಡಾಕ ಬರೂದ್ರಿ."

"ಹುಲ್ಲ ನೋಡಾಕ ದನಾ ಬರ್ತಾವ ಚಾಚಿ, ಸಾಹೇಬ್ರಲ್ಲ" ಎಂದ ಬಾಬುಲಾಲ. ಎಲ್ಲರೂ ನಕ್ಕರು.

ಉದ್ದ ನಾಲಿಗೆಯ ಲಕ್ಕವ್ವ ಸೆರಗು ಸಿಕ್ಕಿಸುತ್ತ, "ಅಕೀ ಆಡು ಉಪಾಸ ಬೀಳತಾವಂತ ಚಿಂತಿ ಆಗೇತಿ ನೋಡ್ರಿ" ಎಂದಳು.

ರಹಿಮಾಬಿ ಬಾವಿಯ ಕಡೆ, ಬಂಡಿ ದಾರಿಯ ಕಡೆ, ಎಂದು ಕೈ ತೋರಿಸಿ ತೋರಿಸಿ ಅವರನ್ನು ಬಾರಿಗಿಡದಿಂದ ದೂರ ಸಾಗಿಸಿದಳು. ಆದರೆ ಪರರ ಕೆಲಸಕ್ಕೆ ಮೈಗಳ್ಳತನ ಮಾಡುವ ಮಂದಿಯಲ್ಲ ಅವರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಬಾವಿಯ ಕಡೆ ಸ್ವಚ್ಛವಾಗಿ, ಕುಡುಗೋಲುಗಳು ಬಾರಿಗಿಡದತ್ತ ತಿರುಗಿದವು. ಅಲ್ಲಿ ಹಕ್ಕಿ ನೆಲಕ್ಕೆ ಅಂಟಿಕೊಂಡು ಕೂತಿತ್ತು. ರಹಿಮಾಬಿಗೆ ಕಾಣುತ್ತಿತ್ತು, ಗೊತ್ತಿಲ್ಲದವರಿಗೆ ಅದೊಂದು ಕಲ್ಲು.

ಓಡಿ ಹೋಗಿ ಅಡ್ಡ ನಿಂತಳು. ಬಾಯಿಗೆ ಬಂದದ್ದು ಅಂದುಬಿಟ್ಟಳು: "ಈ ಕಡೆ ಬರಬ್ಯಾಡ್ರಿ! ಹಾವ ಐತಿ!"

ಅದೇ ತಪ್ಪಾಯಿತು. ಹಾವೆಂದರೆ ಹಿಂದೆ ಸರಿಯುವ ಊರಾದರೆ ಸರಿ. ನಾಳೆ ಮಕ್ಕಳು ಕೂರುವ ಜಾಗದಲ್ಲಿ ಹಾವೆಂದರೆ ಮಸೂತಿಯವರು ಬಿಟ್ಟಾರೆಯೇ? "ಬಡಿಗಿ ತರ್ರೋ!" ಎಂದು ರಾಚಪ್ಪಗೌಡ ಕೂಗಿದ. ಹರೆಯದ ಹುಡುಗರು ನಬಿಲಾಲ, ಸೋಮನಿಂಗ ಇಬ್ಬರೂ ಬಡಿಗೆ ಹಿಡಿದು ಹುಲ್ಲು ಬಡಿಯುತ್ತ ಬಂದರು. ಇನ್ನು ನಾಲ್ಕು ಹೆಜ್ಜೆ ಬಂದರೆ ತತ್ತಿ ಒಡೆಯುವುದು.

"ಹಾವಿಲ್ರಿ! ಸುಳ್ಳ ಹೇಳೀನಿ! ತತ್ತಿ ಐತ್ರಿ ಅಲ್ಲಿ, ಹಕ್ಕೀದು ತತ್ತಿ!"

ಆ ಗದ್ದಲಕ್ಕೆ ಹಕ್ಕಿ ಎದ್ದಿತು. ಎರಡು ಹೆಜ್ಜೆ ಓಡಿ, ಕಂಬಳಿ ಝಾಡಿಸಿದಂತೆ ರೆಕ್ಕೆ ಬಡಿದು ಹೋಯಿತು.

ಎಲ್ಲರೂ ಬಡಿಗೆ ಕೆಳಗಿಟ್ಟರು. ರಾಚಪ್ಪಗೌಡ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಶಿವಾ ಶಿವಾ, ಕೈ ಹಾಕಬ್ಯಾಡ್ರೋ ಯಾರೂ" ಎಂದು ಪಿಸುಗುಟ್ಟಿದ. ಯಾರಾದರೂ ತತ್ತಿ ಕದ್ದು ತಿಂದಾರೆಂದು ಹೆದರಿದ್ದ ರಹಿಮಾಬಿಗೆ ಒಂದು ಗಳಿಗೆ ಜೀವ ಬಂದಂತಾಯಿತು.

ಆಗ ಸುಮಿತ್ರಾಬಾಯಿ ಮುಂದೆ ಬಂದಳು. ಏಳು ಹೆತ್ತ ತಾಯಿ. ತತ್ತಿ ನೋಡಿ ಅವಳ ಕಣ್ಣು ತುಂಬಿದವು.

"ಬಾಣಂತಿ ಬೇ ಅದು! ತಲಿ ಮ್ಯಾಲ ಒಂದು ನೆರಳಿಲ್ಲ, ಸುತ್ತ ಒಂದು ಮರೆ ಇಲ್ಲ. ಹಿಂಗ ಬಿಸಲಾಗ ಬಿಟ್ಟೀಯಲ್ಲ, ನೀನೂ ಹೆಣ್ಣಹೆಂಗಸ ಹೌದೊ ಅಲ್ಲೊ?"

"ಅದರ ಪದ್ಧತಿನ ಹಂಗ್ರಿ ಬಾಯಾರ. ನಾವು ದೂರ ಹೋಗೂನ್ರಿ. ಅಷ್ಟ ಸಾಕ್ರಿ ಅದಕ."

"ದೂರ ಹ್ವಾದ್ರ ನಾಯಿ ತಿಂದ್ರ?" ಎಂದ ಗೌಡ.

"ಕಾಗಿ ಕುಕ್ಕಿದ್ರ?" ಎಂದ ಬಾಬುಲಾಲ.

ಇಬ್ಬರ ಮಾತೂ ಖರೆ. ನಾಯಿ ತಿನ್ನುವುದೂ ಉಂಟು, ಕಾಗೆ ಕುಕ್ಕುವುದೂ ಉಂಟು. ರಹಿಮಾಬಿ ಕೈ ಮುಗಿದಳು. ಲಕ್ಕವ್ವ ಆ ಮುಗಿದ ಕೈ ಹಿಡಿದು, "ಆಡಿನ ಮಾತಂದೆ, ತಪ್ಪಾತು ಬೇ. ಹೊಟ್ಟ್ಯಾಗ ಹಾಕ್ಕೊ" ಎಂದು ಅತ್ತಳು.

ನೋಡುನೋಡುತ್ತ ತತ್ತಿಯ ಸುತ್ತ ಜಾಲಿಮುಳ್ಳಿನ ಬೇಲಿ ಎದ್ದಿತು. ಹಕ್ಕಿ ಹೋಗಿಬರಲು ಒಂದು ಬಾಗಿಲನ್ನೂ ಬಿಟ್ಟರು. ನಾಲ್ಕು ಗೂಟ ನೆಟ್ಟು ಬೇವಿನ ಸೊಪ್ಪಿನ ಚಪ್ಪರ ಹಾಕಿದರು. ಬಾಗಿಲಿಗೆ ತೋರಣ. ಒಳಗೊಂದು ಮಗಿಯಲ್ಲಿ ನೀರು, ಒಂದು ಹಿಡಿ ಜೋಳ. ಒಬ್ಬಾಕೆ ಅರಿಷಿಣ ಕುಂಕುಮ ಏರಿಸಿದಳು, ಬಾಬುಲಾಲ ಊದಬತ್ತಿ ಹಚ್ಚಿದ. ಕಾಗೆ ಬಾರದಂತೆ ತಮಟೆಯಂಥ ಹಲಗೆ ಬಡಿಯಲು ಸೋಮನಿಂಗನನ್ನು, ನಾಯಿ ಬಾರದಂತೆ ನಬಿಲಾಲನನ್ನು ಕೂರಿಸಿ ಊರು ಇಳಿದು ಹೋಯಿತು.

"ತಮ್ಮಗೋಳ್ರ್ಯಾ, ನೀವು ಮನಿಗೆ ಹೋಗ್ರಿ. ನಾ ಕಾಯ್ತೇನಿ" ಎಂದಳು ರಹಿಮಾಬಿ.

"ನೀ ಮುದಿಕಿ, ಮಲಕೊ ಹೋಗ" ಎಂದ ನಬಿಲಾಲ. "ಹೋದ್ರ ಗೌಡ್ರು ನನ್ನ ಕಾಲ ಮುರೀತಾರ."

ಹಕ್ಕಿ ದೂರದ ದಿಬ್ಬದ ಮೇಲೆ ಕುತ್ತಿಗೆ ಎತ್ತಿ ನಿಂತಿತ್ತು. ಹೊತ್ತು ಮುಳುಗುವಾಗ ಒಮ್ಮೆ ಇಳಿದು ಬಂತು. ಗಾಳಿಗೆ ತೋರಣ ಅಲುಗಿತು. ಹಕ್ಕಿ ನಿಂತಿತು. ಸೋಮನಿಂಗ ಒಂದು ಕಾಗೆ ಕಂಡು ಹಲಗೆ ಬಡಿದ. ಹಕ್ಕಿ ತಿರುಗಿತು.

ಶನಿವಾರ ಬಂಡಿಗಳು ಬಂದವು. ಚಮನಸಾಬನ ಹಿಂದೆ ಇಳಿದ ಮಾಸ್ತರರ ಕಣ್ಣು ಮೊದಲು ಬಾರಿಗಿಡದತ್ತ ಹೋಯಿತು, ಅಲ್ಲಿಂದ ರಹಿಮಾಬಿಯತ್ತ.

"ನಾನ ಹೇಳಿದ್ನಿರಿ ಮಾಸ್ತರ. ಹೇಳದಿದ್ರ ಒಡೀತಿತ್ತು."

ಅವರು "ನೀವರ ಏನ ಮಾಡ್ತೀರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮೈಸೂರು ಕಡೆಯ ಸಾಹೇಬರು ಚಪ್ಪರ ಕಂಡು ಹಿಗ್ಗಿಹೋದರು. "ಒಂದು ಹಕ್ಕಿಯ ಮೊಟ್ಟೆಗೆ ಇಡೀ ಊರು ನಿಂತಿದೆಯಲ್ಲ! ಇಂಥ ಊರನ್ನು ನಾನೆಲ್ಲೂ ನೋಡಿಲ್ಲ. ದೀಪಾವಳಿ ಕಳೆದ ಮೇಲೆ ಮತ್ತೆ ಬರುತ್ತೇನೆ. ಮರಿ ತೋರಿಸಿಬಿಡಿ, ಈ ಬಯಲಿಗೆ ನೇಗಿಲು ಬೀಳದಂತೆ ನಾನು ನೋಡಿಕೊಳ್ಳುತ್ತೇನೆ."

"ಸರ್, ತಾಯಿಹಕ್ಕಿ..." ಎಂದು ಮಾಸ್ತರರು ಬಾಯಿ ತೆರೆದರು. ರಾಚಪ್ಪಗೌಡ ಹಾರ ಹಾಕಿದ. ಹಲಗೆ ಮೊಳಗಿತು. ಊರಿನ ಮಕ್ಕಳು, ಪರವೂರ ಮಾಸ್ತರರು ಎಲ್ಲ ಚಪ್ಪಾಳೆ ತಟ್ಟಿದರು. ತಮ್ಮ ಜೋಳ, ಮಜ್ಜಿಗೆ, ಬಂಡಿ ಎಲ್ಲ ಕೊಟ್ಟು ಎದುರಿಗೆ ಬೆಳಗುತ್ತಿದ್ದ ಆ ಮುಖಗಳನ್ನು ನೋಡಿ ಮಾಸ್ತರರು ಬಾಯಿ ಮುಚ್ಚಿದರು.

ಬಂಡಿಗಳು ಇಳಿದ ಮೇಲೆ ರಹಿಮಾಬಿ ಬರಿಗೈಯಲ್ಲಿ ಮುಳ್ಳು ಕಿತ್ತಳು. ಸಗೀರಾ, ಅಬಿದಾ ಗೂಟ ಕಿತ್ತರು. ರಹಿಮಾಬಿ ಗುಡಿಸಲಲ್ಲಿ ಕೂತು ದಿಬ್ಬ ನೋಡಿದಳು. ಮರುದಿನ ನೋಡಿದಳು, ಅದರ ಮರುದಿನವೂ. ದಿಬ್ಬ ಬರಿದಿತ್ತು. ತತ್ತಿ ಮುಟ್ಟಿದಳು, ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅದರ ಅಡಿಯಲ್ಲಿ ಇರುವೆ ಹತ್ತಿದ್ದವು.

ಮುಂದಿನ ಶನಿವಾರ ಮಾಸ್ತರರು ಮಕ್ಕಳನ್ನು ಬಾರಿಗಿಡಕ್ಕೆ ಬೆನ್ನಾಗಿ ಕೂರಿಸಿ ಪಾಠ ಮಾಡುತ್ತಿದ್ದರು. ಮಡ್ಡಿ ಹೋದರೆ ಸಗೀರಾ, ಅಬಿದಾ ಮನೆ ಸೇರುವರೆಂದು ಅವರಿಗೂ ಗೊತ್ತಿತ್ತು, ರಹಿಮಾಬಿಗೂ ಗೊತ್ತಿತ್ತು. ಅಷ್ಟರಲ್ಲಿ ಗೌಡ, ಸುಮಿತ್ರಾಬಾಯಿ ಬಂದರು. ಚಪ್ಪರ ಕಾಣದೆ ಗೌಡ ಗಾಬರಿಯಾದ.

"ಗಾಳಿಗೆ ಹೋತೇನು? ಇರಲಿ ಬಿಡ ರಹಿಮಕ್ಕಾ, ಬರೂ ವರ್ಷ ತಗಡಿಂದ ಹಾಕೂನು, ಗಟ್ಟಿಮುಟ್ಟ."

ಸುಮಿತ್ರಾಬಾಯಿ ಸೆರಗಿನ ಗಂಟು ಬಿಚ್ಚಿದಳು. ಹೆತ್ತವರಿಗೆ ಕೊಡುವ ಅಂಟಿನುಂಡಿ. ಕೊಬ್ಬರಿ, ಉತ್ತತ್ತಿ, ತುಪ್ಪ ಹಾಕಿ ಕಟ್ಟಿದ್ದು.

"ಬಾಣಂತಿ ತಿನ್ನಾಂಗಿಲ್ಲ, ಸೂಲಗಿತ್ತಿ ನೀನರ ತಿನ್ನಬೇ. ಮರಿ ಯಾವಾಗ ಆಗತೈತಿ?"

ರಹಿಮಾಬಿ ಮಾಸ್ತರರತ್ತ ನೋಡಿದಳು. ಅವರು ಪಾಠ ನಿಲ್ಲಿಸಿ ನೆಲ ನೋಡುತ್ತಿದ್ದರು. ಸುಮಿತ್ರಾಬಾಯಿ ಉಂಡಿ ಮುರಿದು ತಾನೇ ಅವಳ ಬಾಯಿಗಿಟ್ಟು, ಮುಖ ನೋಡುತ್ತ ನಿಂತಳು.

"ತುಪ್ಪ ಕಡಿಮಿ ಆಗೇತೇನು?"

"ಇಲ್ರಿ ಬಾಯಾರ" ಎಂದಳು ರಹಿಮಾಬಿ. "ಚಲೋ ಆಗೇತ್ರಿ."